ಮಣ್ಣಿನ ಬಟ್ಟಲು, ಕಾಣದ ಸಾನ್ನಿಧ್ಯ

ಈ ದೃಶ್ಯ ನಿಮ್ಮಲ್ಲಿ ಹಲವರಿಗೆ ಪರಿಚಿತವಾದದ್ದೇ. ಮನೆಯ ಹಿರಿಯ ತಾಯಿ ಪ್ರಭುವಿನಲ್ಲಿ ನಿದ್ರಿಸಿ ತಿಂಗಳು ಕಳೆದಿದೆ. ಮೂವತ್ತನೆಯ ದಿನದ ಬಲಿಪೂಜೆ ಮುಗಿದಿದೆ. ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿ, ಬಂದ ನೆಂಟರೆಲ್ಲ ಊಟ ಮಾಡಿ ಹೊರಟಿದ್ದಾರೆ. ಉಳಿದವರು ಮಕ್ಕಳು ಮಾತ್ರ. ಅಮ್ಮನ ಅಡಿಗೆಮನೆಯಲ್ಲಿ ಕುಳಿತು ಪಾತ್ರೆಪಡಗಗಳನ್ನು ಹಂಚಿಕೊಳ್ಳುತ್ತಿದ್ದಾರೆ. ಹಿತ್ತಾಳೆಯ ಹಂಡೆ ಹಿರಿಯ ಮಗನಿಗೆ, ಸ್ಟೀಲಿನ ಡಬ್ಬಗಳು ಕಿರಿಯವನಿಗೆ, ಇಡ್ಲಿ ಪಾತ್ರೆ ಮಗಳಿಗೆ. ಕೊನೆಗೆ ಅಟ್ಟದಿಂದ ಒಂದು ಉಪ್ಪಿನಕಾಯಿ ಭರಣಿ ಕೆಳಗಿಳಿಯುತ್ತದೆ. ಕತ್ತು ಕಂದು, ಹೊಟ್ಟೆ ಬಿಳಿ. ಮುಚ್ಚಳದ ಅಂಚಿನಲ್ಲಿ ಒಂದು ಚಕ್ಕೆ ಹಾರಿದೆ.

ಹಿರಿಯವನು ಅದನ್ನು ಗುಜರಿಗೆ ಹಾಕುವ ಸಾಮಾನುಗಳ ಕಡೆ ಸರಿಸುತ್ತಾನೆ. ಮಗಳು ತಟ್ಟನೆ ಎದ್ದು ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.

"ಅದು ಬರೀ ಮಣ್ಣು ಕಣೇ. ಅಮ್ಮ ಅದರಲ್ಲಿಲ್ಲ. ದೇವರ ಹತ್ತಿರ ಇದ್ದಾಳೆ."

"ಗೊತ್ತು ಅಣ್ಣ. ಆದರೂ ಇದನ್ನು ಮುಟ್ಟಿದರೆ ಅಮ್ಮ ಇಲ್ಲೇ ಇದ್ದ ಹಾಗಾಗುತ್ತೆ."

ಇಬ್ಬರಲ್ಲಿ ಯಾರ ಮಾತು ನಿಜ? ಅಣ್ಣ ಕಲ್ಲು ಮನಸ್ಸಿನವನಲ್ಲ. ಧರ್ಮೋಪದೇಶದಲ್ಲಿ ಕಲಿತದ್ದನ್ನೇ ಹೇಳುತ್ತಿದ್ದಾನೆ. ಸತ್ತವರ ಆತ್ಮ ಪಾತ್ರೆಯಲ್ಲಿ ಕೂತಿರುವುದಿಲ್ಲ. ತಂಗಿಯೂ ಮೂಢನಂಬಿಕೆಯವಳಲ್ಲ. ಮೂವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ಆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಎರಡು ಕೈಗಳು ಅವಳ ಕಣ್ಣೆದುರಿಗೆ ಬರುತ್ತಿವೆ. ಹಂಡೆ, ಡಬ್ಬಗಳನ್ನು ಸುಮ್ಮನೆ ಹಂಚಿಕೊಂಡವಳು ಈ ಒಂದಕ್ಕೆ ಏಕೆ ಹಟ ಹಿಡಿದಳು? ಕಣ್ಣಿಗೆ ಕಾಣದ ಭಾವವನ್ನು, ಕೈಗೆ ಸಿಗದ ಸಾನ್ನಿಧ್ಯವನ್ನು ಒಂದು ಹಿಡಿ ಸುಟ್ಟ ಮಣ್ಣು ನಿಜವಾಗಿಯೂ ಹಿಡಿದಿಡಬಲ್ಲದೇ? ಅಥವಾ ಅದು ನಮ್ಮ ಮನಸ್ಸಿನ ಆಟ ಮಾತ್ರವೇ?

ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ನಮ್ಮ ವಿಶ್ವಾಸಕ್ಕೂ ನಮ್ಮ ಕುಟುಂಬ ಜೀವನಕ್ಕೂ ಇದು ಬಹಳ ಹತ್ತಿರದ ಪ್ರಶ್ನೆ. ಉತ್ತರ ಹುಡುಕಲು ಸ್ವಲ್ಪ ದೂರ ಹೋಗೋಣ. ಸಂತ ಫ್ರಾನ್ಸಿಸ್ ಕ್ಸೇವಿಯರರು 1549ರಲ್ಲಿ ನಮ್ಮ ನೆರೆಯ ಗೋವೆಯಿಂದ ಹೊರಟು ತಲುಪಿದ ನಾಡಿಗೆ, ಜಪಾನಿಗೆ.

ಹೆಂಚು ಮಾಡುವವನ ಬಟ್ಟಲು

ಕ್ಸೇವಿಯರರು ಜಪಾನಿನಲ್ಲಿ ಶುಭಸಂದೇಶದ ಬೀಜ ಬಿತ್ತಿದ ಕಾಲದಲ್ಲಿ ಆ ದೇಶ ಯುದ್ಧಗಳಿಂದ ಹಣ್ಣಾಗಿತ್ತು. ಪಾಳೆಯಗಾರರು ಒಬ್ಬರನ್ನೊಬ್ಬರು ತುಳಿಯುತ್ತಿದ್ದರು. ಅದೇ ಕಾಲದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರು (1522–1591) ಜನರಿಗೆ ಮೌನವನ್ನು ಕಲಿಸುತ್ತಿದ್ದನು. ಅವನ ಚಹಾ ವಿಧಿಗೆ 'ಚಾನೊಯು' ಎಂದು ಹೆಸರು. ಅದರ ಶಬ್ದಾರ್ಥ ಚಹಾಕ್ಕಾಗಿ ಬಿಸಿನೀರು, ಅಷ್ಟೇ. ಅವನು ಕಟ್ಟಿಸಿದನೆನ್ನುವ ಒಂದು ಚಹಾ ಕೋಣೆ ಕ್ಯೋಟೊ ಬಳಿಯ ಯಮಜಾಕಿಯಲ್ಲಿ ಇಂದಿಗೂ ಇದೆ. ಎರಡು ಚಾಪೆ ಹಾಸುವಷ್ಟೇ ಜಾಗ. ಹೆಚ್ಚೆಂದರೆ ಆರು ಅಡಿ ಉದ್ದ, ಆರು ಅಡಿ ಅಗಲ. ಇಂಥ ಕೋಣೆಗಳ ಬಾಗಿಲು ಎರಡು, ಎರಡೂವರೆ ಅಡಿ ಎತ್ತರ. ಎಂಥ ದೊಡ್ಡ ಸರದಾರನಾದರೂ ಕತ್ತಿಯನ್ನು ಹೊರಗಿಟ್ಟು, ತಲೆ ಬಗ್ಗಿಸಿ, ಮಂಡಿಯೂರಿ ಒಳಗೆ ಸರಿಯಬೇಕು.

ಆ ಕೋಣೆಗೆ ತಕ್ಕ ಬಟ್ಟಲು ರಿಕ್ಯುವಿಗೆ ಬೇಕಾಗಿತ್ತು. ಅಂದಿನ ಶ್ರೀಮಂತರು ಚೀನಾದಿಂದ ಬಂದ ನಯವಾದ, ಒಂದು ಕೂದಲಷ್ಟೂ ಓರೆಯಿಲ್ಲದ ಬಟ್ಟಲುಗಳನ್ನು ಮೆಚ್ಚುತ್ತಿದ್ದರು. ರಿಕ್ಯು ಹೋದದ್ದು ಚೋಜಿರೊ ಎಂಬ ಕೆಲಸಗಾರನ ಬಳಿಗೆ. ಅವನು ಛಾವಣಿಗೆ ಹೆಂಚು, ಹೆಂಚಿನ ಅಲಂಕಾರದ ಸಿಂಹಗಳನ್ನು ಮಾಡುತ್ತಿದ್ದವನು. ಹೆಂಚಿನ ಮಣ್ಣನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದರ ಅರ್ಥ ಬೇಗ ತಿಳಿದೀತು. ಅದು ಅರಮನೆಯ ಊಟದ ಮೇಜಿನ ಮೇಲೆ ಕೂರುವ ಮಣ್ಣಲ್ಲ, ಮಳೆಗಾಳಿಗೆ ಮೈಯೊಡ್ಡುವ ಮಣ್ಣು.

ಚೋಜಿರೊ ಆ ಬಟ್ಟಲನ್ನು ತಿಗರಿಯ ಮೇಲೆ ತಿರುಗಿಸಲಿಲ್ಲ. ಜೇಡಿಮಣ್ಣನ್ನು ಎರಡು ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಎಬ್ಬಿಸಿದನು. ಆರಿದ ಮೇಲೆ ಚೂರಿಯಂಥ ಸಲಕರಣೆಯಿಂದ ಕೆರೆದು ಆಕಾರ ತಂದನು. ಕ್ಯೋಟೊದ ಕಾಮೊ ನದಿಯ ಕಲ್ಲನ್ನು ಪುಡಿ ಮಾಡಿ ಮಾಡಿದ ಕಪ್ಪು ಲೇಪವನ್ನು ಬಳಿದನು. ಸಣ್ಣ ಆವಿಗೆಯಲ್ಲಿ ಸುಟ್ಟು, ಇನ್ನೂ ಕೆಂಡದಂತೆ ಉರಿಯುತ್ತಿರುವಾಗಲೇ ಇಕ್ಕಳದಿಂದ ಹೊರಗೆಳೆದು ತಣಿಸಿದನು. ಈ ಬಟ್ಟಲುಗಳಿಗೆ 'ರಾಕು' ಎಂದು ಹೆಸರಾಯಿತು. ಆ ಮಾತಿಗೆ ನೆಮ್ಮದಿ ಎಂಬ ಅರ್ಥವಿದೆ. ಚೋಜಿರೊ 1589ರಲ್ಲಿ ತೀರಿಕೊಂಡನು. ಆ ಮನೆತನ ಇಂದಿಗೂ ಬಟ್ಟಲು ಮಾಡುತ್ತಿದೆ. 2019ರಲ್ಲಿ ಹದಿನಾರನೆಯ ತಲೆಮಾರಿನವರು ಮನೆತನದ ಹೆಸರನ್ನು ವಹಿಸಿಕೊಂಡರು.

ಈ ಬಟ್ಟಲಿನ ಮೇಲೆ ಚಿತ್ರವಿಲ್ಲ. ಹೂವಿಲ್ಲ, ಹಕ್ಕಿಯಿಲ್ಲ, ಅಕ್ಷರವಿಲ್ಲ. ಚೋಜಿರೊ ತನ್ನ ಮುದ್ರೆಯನ್ನೂ ಒತ್ತಲಿಲ್ಲ. ಆದರೂ ಅದನ್ನು ಕೈಗೆತ್ತಿಕೊಂಡವರ ಮನಸ್ಸು ಶಾಂತವಾಗುತ್ತದೆ. ಇದು ಹೇಗೆ?

ಇದರಲ್ಲಿ ಗುಟ್ಟೇನೂ ಇಲ್ಲ. ಆ ಮಣ್ಣು ಹೆಚ್ಚು ಬೇಗೆಯಲ್ಲಿ ಬೆಂದು ಗಾಜಿನಂತೆ ಗಟ್ಟಿಯಾದದ್ದಲ್ಲ. ಒಳಗೆ ಸೂಕ್ಷ್ಮ ರಂಧ್ರಗಳಿವೆ, ಗೋಡೆ ದಪ್ಪ. ಆದ್ದರಿಂದ ಬಿಸಿ ಚಹಾ ಅಂಗೈಯನ್ನು ಸುಡುವುದಿಲ್ಲ, ನಿಧಾನವಾಗಿ ಬೆಚ್ಚಗಾಗಿಸುತ್ತದೆ. ಬಾಯಂಚು ಸ್ವಲ್ಪ ಏರಿಳಿತವಾಗಿರುವುದರಿಂದ ಎಲ್ಲಿ ತುಟಿಯಿಡಬೇಕೆಂದು ನೋಡಿಕೊಳ್ಳಬೇಕು. ಅವಸರ ತಾನಾಗಿಯೇ ತಗ್ಗುತ್ತದೆ. ಎರಡು ಅಂಗೈಗಳ ನಡುವೆ ಹುಟ್ಟಿದ ಬಟ್ಟಲಾದ್ದರಿಂದ ಅದನ್ನು ಹಿಡಿಯಲೂ ಎರಡು ಅಂಗೈ ಬೇಕು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಬೇರೇನೋ ಎಂಬುದು ಅಲ್ಲಿ ಸಾಗದು. ಮಾಡಿದವನ ಕೈ ಇದ್ದ ಜಾಗದಲ್ಲೇ ಕುಡಿಯುವವನ ಕೈ ಬಂದು ಕೂರುತ್ತದೆ. ನಾನೂರು ವರ್ಷಗಳ ಹಿಂದಿನ ಒಬ್ಬ ಮನುಷ್ಯ ನಮಗೆ ಎದುರಾಗುವುದು ಹೀಗೆ.

ಇದನ್ನು ಗಮನಿಸಿ. ಮಣ್ಣು ಭಾವವನ್ನು ಹೇಳಿದ್ದು ಅದರ ಚಿತ್ರ ಬರೆದು ಅಲ್ಲ. ಮಾಡಿದವನು ತಾನು ಹಿಂದೆ ಸರಿದು, ಇನ್ನೊಬ್ಬರಿಗಾಗಿ ಜಾಗ ಬಿಟ್ಟದ್ದರಿಂದ. ಬಟ್ಟಲಿನ ಅತಿ ಮುಖ್ಯ ಭಾಗ ಅದರ ಬರಿದಾದ ಒಡಲಲ್ಲವೇ? ಗೋಡೆ ಎಷ್ಟೇ ಚೆಂದವಿರಲಿ, ಒಳಗೆ ಜಾಗವಿಲ್ಲದಿದ್ದರೆ ಅದು ಬಟ್ಟಲೇ ಅಲ್ಲ.

ಚಿನ್ನದ ಕೋಣೆ

ಅಂದು ಜಪಾನನ್ನು ಆಳುತ್ತಿದ್ದವನು ಟೊಯೊಟೊಮಿ ಹಿದೆಯೋಶಿ. ಅವನಿಗೂ ಚಹಾ ಪ್ರಿಯ. ರಿಕ್ಯು ಅವನ ಆಸ್ಥಾನದ ಚಹಾ ಗುರುವಾಗಿದ್ದನು. ಆದರೆ 1586ರಲ್ಲಿ ಹಿದೆಯೋಶಿ ಚಕ್ರವರ್ತಿಯ ಅರಮನೆಯಲ್ಲಿ ಪ್ರದರ್ಶಿಸಿದ್ದು ಚಿನ್ನದ ಚಹಾ ಕೋಣೆಯನ್ನು. ಗೋಡೆಗೆ ಚಿನ್ನ, ಛಾವಣಿಗೆ ಚಿನ್ನ, ಪಾತ್ರೆಗಳೂ ಚಿನ್ನ. ಬಿಚ್ಚಿ ಬೇರೆ ಕಡೆಗೆ ಸಾಗಿಸಿ ಮತ್ತೆ ಜೋಡಿಸಬಹುದಾದ ಕೋಣೆ ಅದು.

ಚಿನ್ನದ ಕೋಣೆಗೂ ಒಂದು ಸಾನ್ನಿಧ್ಯ ಇತ್ತು. ಆದರೆ ಅದು ಯಾರದು? ಒಡೆಯನದು ಮಾತ್ರ. ಒಳಗೆ ಬಂದವನು ಗೋಡೆಯಲ್ಲಿ ನೋಡುವುದು ಹಿದೆಯೋಶಿಯ ದೊಡ್ಡಸ್ತಿಕೆಯನ್ನು. ಅಲ್ಲಿ ಅತಿಥಿಗೆ ಜಾಗವಿಲ್ಲ, ಮೆಚ್ಚುಗೆಗೆ ಮಾತ್ರ ಜಾಗ. ಮಣ್ಣಿನ ಬಟ್ಟಲೂ ಈ ಆಸೆಯಿಂದ ಪಾರಾಗಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ಯುದ್ಧ ಗೆದ್ದವರಿಗೆ ಭೂಮಿಯ ಬದಲು ಹೆಸರಾಂತ ಚಹಾ ಪಾತ್ರೆಗಳನ್ನು ಬಹುಮಾನವಾಗಿ ಕೊಟ್ಟದ್ದುಂಟು. ದೀನತೆಯನ್ನು ಕಲಿಸಬೇಕಾದ ಪಾತ್ರೆಗೂ ಬೆಲೆ ಕಟ್ಟಿ ಬೀಗುವುದು ಮನುಷ್ಯನ ಸ್ವಭಾವ. ನಮ್ಮ ಮನೆಗಳಲ್ಲೂ ಇದೇ ಅಲ್ಲವೇ? ಷೋಕೇಸಿನಲ್ಲಿ ಸಾಲಾಗಿ ನಿಂತ ಪಿಂಗಾಣಿ ಬಟ್ಟಲುಗಳಲ್ಲಿ ಒಂದು ದಿನವಾದರೂ ಯಾರಾದರೂ ಕಾಫಿ ಕುಡಿದಿದ್ದಾರೆಯೇ?

ರಿಕ್ಯುವಿನ ಏಳು ಮುಖ್ಯ ಶಿಷ್ಯರ ಪೈಕಿ ಒಬ್ಬರು ಕಥೋಲಿಕರಾಗಿದ್ದ ತಕಯಾಮ ಉಕೊನ್. ಬಾಲ್ಯದಲ್ಲಿಯೇ ಜ್ಞಾನಸ್ನಾನ ಪಡೆದು ಜುಸ್ತೊ ಎಂಬ ಹೆಸರು ತಳೆದಿದ್ದರು. ಮುಂದೆ ಅಕಾಶಿ ಪ್ರಾಂತ್ಯದ ಒಡೆಯರಾದರು. ಅವರನ್ನು ಬಲ್ಲವರಾಗಿದ್ದ ಯೇಸುಸಭೆಯ ಪೋರ್ಚುಗೀಸ್ ಗುರು ಜೊವಾಂವ್ ರೊಡ್ರಿಗಸರು ಬರೆದಿಟ್ಟಿರುವ ಪ್ರಕಾರ, ಉಕೊನ್‌ರಿಗೆ ಚಹಾ ವಿಧಿಯು ಸದ್ಗುಣಕ್ಕೂ ಮನಸ್ಸಿನ ಏಕಾಗ್ರತೆಗೂ ದೊಡ್ಡ ಸಹಾಯವಾಗಿತ್ತು. ದೇವರಿಗೆ ತಮ್ಮನ್ನು ಒಪ್ಪಿಸಿಕೊಂಡು ಪ್ರಾರ್ಥಿಸಲು ಅವರು ಆ ಪುಟ್ಟ ಗುಡಿಸಲಿಗೇ ಹೋಗುತ್ತಿದ್ದರು, ಒಂದು ಪವಿತ್ರ ಚಿತ್ರವನ್ನು ಅಲ್ಲಿರಿಸಿಕೊಂಡು.

1587ರಲ್ಲಿ ಹಿದೆಯೋಶಿ ಧರ್ಮಪ್ರಚಾರಕರು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಉಕೊನ್‌ರ ಮುಂದೆ ಆಯ್ಕೆ ಬಂತು: ವಿಶ್ವಾಸ ಅಥವಾ ಪ್ರಾಂತ್ಯ. ಅವರು ಪ್ರಾಂತ್ಯವನ್ನು ಬಿಟ್ಟುಕೊಟ್ಟರು. ಕೋಟೆ, ಸೈನ್ಯ, ಅಧಿಕಾರ ಎಲ್ಲವೂ ಹೋಯಿತು. ಕನಜಾವದಲ್ಲಿ ಇನ್ನೊಬ್ಬ ಒಡೆಯನ ಆಶ್ರಯದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬಾಳಿದರು. 1614ರಲ್ಲಿ ಕ್ರೈಸ್ತ ಧರ್ಮವನ್ನೇ ನಿಷೇಧಿಸಿದಾಗ, ಸುಮಾರು ಮುನ್ನೂರು ಮಂದಿ ವಿಶ್ವಾಸಿಗಳೊಡನೆ ಅವರನ್ನು ಹಡಗು ಹತ್ತಿಸಿ ಗಡಿಪಾರು ಮಾಡಲಾಯಿತು. ಮನಿಲಾ ತಲುಪಿ ಎರಡು ತಿಂಗಳೊಳಗೆ, 1615ರ ಫೆಬ್ರವರಿಯ ಆರಂಭದಲ್ಲಿ, ಕೊನೆಯುಸಿರೆಳೆದರು. 2017ರ ಫೆಬ್ರವರಿ 7ರಂದು ಒಸಾಕಾ ನಗರದಲ್ಲಿ ಧರ್ಮಸಭೆ ಅವರನ್ನು ರಕ್ತಸಾಕ್ಷಿಯೆಂದು ಗೌರವಿಸಿ ಪುನೀತರ ಸಾಲಿಗೆ ಸೇರಿಸಿತು.

ಉಕೊನ್‌ರನ್ನು ಪುನೀತರನ್ನಾಗಿ ಮಾಡಿದ್ದು ಚಹಾ ಬಟ್ಟಲಲ್ಲ, ದೇವರ ಕೃಪೆ. ಆದರೆ ಬರಿದಾಗುವುದು ಸೋಲಲ್ಲ ಎಂಬುದನ್ನು ಅವರ ಅಂಗೈಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದವು ಎಂದರೆ ತಪ್ಪಾಗದು. ತಮ್ಮನ್ನೇ ಬರಿದುಮಾಡಿಕೊಂಡ ಕ್ರಿಸ್ತರ ವಿಷಯವಾಗಿ ಸಂತ ಪೌಲರು ಫಿಲಿಪ್ಪಿಯರಿಗೆ ಬರೆದದ್ದು ಇಂಥ ಮನಸ್ಸಿನಲ್ಲಿ ಬೇಗ ಬೇರೂರುತ್ತದೆ. ಕೋಟೆಯನ್ನು ಕಳೆದುಕೊಂಡು ಹೆದರದಿದ್ದವರಿಗೆ ಎರಡು ಚಾಪೆಯ ಜಾಗ ಎಷ್ಟು ವಿಶಾಲ ಎಂಬುದು ಮೊದಲೇ ಗೊತ್ತಿತ್ತು.

ಬಿಳಿ ಪಿಂಗಾಣಿಯ ತಾಯಿ

ಉಕೊನ್‌ರ ಹಡಗು ಹೋದ ಮೇಲೆ ಜಪಾನಿನಲ್ಲಿ ಉಳಿದ ಬಡ ಕ್ರೈಸ್ತರ ಪಾಡೇನು? ಗುರುಗಳಿಲ್ಲ, ಬಲಿಪೂಜೆಯಿಲ್ಲ, ಗುಡಿಯಿಲ್ಲ. ಜಪಸರ ಸಿಕ್ಕರೂ ಅಪಾಯ, ಶಿಲುಬೆ ಸಿಕ್ಕರೂ ಅಪಾಯ. ಕ್ರಿಸ್ತರ ಅಥವಾ ಮಾತೆಯ ಚಿತ್ರವನ್ನು ನೆಲದ ಮೇಲಿಟ್ಟು ಒಬ್ಬೊಬ್ಬರಿಂದಲೂ ತುಳಿಸಿ ಪರೀಕ್ಷಿಸುತ್ತಿದ್ದರು. ಹೀಗೆ ಎರಡೂವರೆ ಶತಮಾನ ಕಳೆಯಿತು. ಹಳ್ಳಿಯ ಹಿರಿಯರೇ ಕೂಸುಗಳಿಗೆ ಜ್ಞಾನಸ್ನಾನ ಕೊಟ್ಟರು, ಹಬ್ಬದ ದಿನಗಳ ಲೆಕ್ಕವನ್ನು ಕಾಪಾಡಿದರು.

ಆ ಕಾಲದಲ್ಲಿ ಚೀನಾದ ಫುಜಿಯಾನ್ ಪ್ರಾಂತ್ಯದ ದೆಹುವಾ ಎಂಬ ಊರಿನ ಆವಿಗೆಗಳಲ್ಲಿ ಹಾಲಿನಂತೆ ಬಿಳುಪಾದ ಪಿಂಗಾಣಿ ಮೂರ್ತಿಗಳು ತಯಾರಾಗುತ್ತಿದ್ದವು. ಬೌದ್ಧರು ಕರುಣೆಯ ಮೂರ್ತಿಯೆಂದು ಗೌರವಿಸುವ ಗುವಾನ್ಯಿನ್ ಮಗುವನ್ನು ಎತ್ತಿಕೊಂಡಿರುವ ರೂಪ ಅವುಗಳಲ್ಲೊಂದು. ಜಪಾನಿನಲ್ಲಿ ಅವಳಿಗೆ ಕಾನೊನ್ ಎಂದು ಹೆಸರು. ನಾಗಸಾಕಿಯ ಸುತ್ತಲಿನ ಗುಪ್ತ ಕ್ರೈಸ್ತರು ಇಂಥ ಮೂರ್ತಿಯನ್ನು ಮನೆಯಲ್ಲಿಟ್ಟುಕೊಂಡರು. ನೋಡಿದವರ ಕಣ್ಣಿಗೆ ಅದು ಕಾನೊನ್. ಆ ಮನೆಯವರು ಅದರ ಮುಂದೆ ಪ್ರಾರ್ಥಿಸಿದ್ದು ಮಾತೆ ಮರಿಯಳಲ್ಲಿ. ಇಂದು ಅವುಗಳನ್ನು 'ಮರಿಯ ಕಾನೊನ್' ಎಂದು ಕರೆಯುತ್ತಾರೆ. ನಾಗಸಾಕಿಯ ಅಧಿಕಾರಿಗಳು ಕ್ರೈಸ್ತರ ಮನೆಗಳಿಂದ ವಶಪಡಿಸಿಕೊಂಡ ಕೆಲವು ಮೂರ್ತಿಗಳು ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ.

ಇಲ್ಲಿ ನಮ್ಮ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಚೋಜಿರೊವಿನ ಬಟ್ಟಲಿನಲ್ಲಿ ಮಾಡಿದವನ ಕೈ ಮಾತಾಡಿತು. ಆದರೆ ದೆಹುವಾದ ಕುಶಲಕರ್ಮಿ ಮಾಡಿದ್ದು ಗುವಾನ್ಯಿನ್ ಮೂರ್ತಿಯನ್ನು, ಮರಿಯಮ್ಮನವರದನ್ನಲ್ಲ. ಹಾಗಾದರೆ ಆ ಮೂರ್ತಿಯಲ್ಲಿ ಮಾತೆಯ ಸಾನ್ನಿಧ್ಯ ಎಲ್ಲಿಂದ ಬಂತು? ಇದು ವಂಚನೆಯೇ? ಇನ್ನೊಂದು ಧರ್ಮದ ಮೂರ್ತಿಯ ಮುಂದೆ ಮೊಣಕಾಲೂರಿದವರು ತಪ್ಪು ಮಾಡಿದರೇ?

ಕ್ರಿ.ಶ. 787ರಲ್ಲಿ ಸೇರಿದ್ದ ಎರಡನೆಯ ನೈಸಿಯಾ ಮಹಾಸಭೆ ನಮಗೆ ದಾರಿ ತೋರಿಸುತ್ತದೆ. ಚಿತ್ರಕ್ಕೆ ಸಲ್ಲಿಸಿದ ಗೌರವ ಚಿತ್ರದಲ್ಲೇ ನಿಲ್ಲುವುದಿಲ್ಲ, ಚಿತ್ರ ಯಾರನ್ನು ತೋರುತ್ತದೋ ಅವರನ್ನು ಮುಟ್ಟುತ್ತದೆ ಎಂಬುದು ಅದರ ಬೋಧನೆಯ ಸಾರ. ಗುಪ್ತ ಕ್ರೈಸ್ತರು ಗೌರವಿಸಿದ್ದು ಪಿಂಗಾಣಿಯನ್ನಲ್ಲ. ಪಿಂಗಾಣಿ ಅವರಿಗೆ ಒಂದು ಕಿಟಕಿಯಾಗಿತ್ತು. ಕಿಟಕಿ ಬೇರೆಯವರು ಮಾಡಿದ್ದು, ಆಚೆ ಕಂಡ ಮುಖ ಮಾತ್ರ ಅವರ ತಾಯಿಯದು. ಪ್ರಾಣಭಯದಲ್ಲಿದ್ದ ಮಕ್ಕಳು ತಾಯಿಯ ನೆನಪನ್ನು ಕಾಪಾಡಲು ಸಿಕ್ಕ ಮಣ್ಣನ್ನೇ ಹಿಡಿದುಕೊಂಡರು. ಅವರನ್ನು ತೂಗಿ ನೋಡುವ ಮೊದಲು, ಬೆದರಿಕೆಯೇ ಇಲ್ಲದ ನಮ್ಮ ಮನೆಗಳಲ್ಲಿ ಮಾತೆಯ ಪ್ರತಿಮೆಯ ಮುಂದೆ ಕುಟುಂಬದ ಜಪಸರ ಪ್ರಾರ್ಥನೆ ಎಷ್ಟು ದಿನ ನಡೆಯುತ್ತದೆಂದು ನಾವು ಕೇಳಿಕೊಳ್ಳಬೇಕು.

ಅವರ ನೆನಪು ಸುಳ್ಳಾಗಿರಲಿಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ದೇವಾಲಯಕ್ಕೆ ಉರಾಕಾಮಿ ಹಳ್ಳಿಯ ಕೆಲವರು ಬಂದರು. ಆ ದೇವಾಲಯವನ್ನು ವಿದೇಶಿಯರಿಗಾಗಿ ಆಗಷ್ಟೇ ಕಟ್ಟಲಾಗಿತ್ತು. 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ 26 ರಕ್ತಸಾಕ್ಷಿಗಳಿಗೆ ಅದು ಸಮರ್ಪಿತ. ಅವರಲ್ಲಿ ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯ ಅವರೂ ಒಬ್ಬರು. ಪ್ರಾರ್ಥಿಸುತ್ತಿದ್ದ ಫ್ರೆಂಚ್ ಗುರು ಬೆರ್ನಾರ್ ಪೆತಿಜಾನ್‌ರ ಬಳಿಗೆ ಒಬ್ಬ ಮಹಿಳೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದು ಪಿಸುಗುಟ್ಟಿದಳು. ಸಾಂತಾ ಮರಿಯಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಗುರುಗಳು ಅವರನ್ನು ಪ್ರತಿಮೆಯ ಮುಂದೆ ಕರೆದೊಯ್ದರು. ಮಗುವನ್ನು ಎತ್ತಿಕೊಂಡ ತಾಯಿಯನ್ನು ಅವರು ಕಂಡೊಡನೆ ಗುರುತಿಸಿದರು. ಮರಿಯ ಕಾನೊನ್ ಮೂರ್ತಿಗಳನ್ನು ವಶಪಡಿಸಿಕೊಂಡಿದ್ದು ಇದೇ ಉರಾಕಾಮಿಯ ಮನೆಗಳಿಂದ. ತಲೆತಲಾಂತರದಿಂದ ಆ ಜನರ ಕಣ್ಣು ಪಳಗಿತ್ತು.

ಗುರುತಿಸಿದ್ದಕ್ಕೆ ಅವರು ಬೆಲೆಯನ್ನೂ ತೆತ್ತರು. 1868ರಿಂದ ಉರಾಕಾಮಿಯ ಮೂರು ಸಾವಿರಕ್ಕೂ ಹೆಚ್ಚು ವಿಶ್ವಾಸಿಗಳನ್ನು ದೇಶದ ಮೂಲೆಮೂಲೆಗಳಿಗೆ ಗಡಿಪಾರು ಮಾಡಿದರು. ಆರುನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಸತ್ತರು. 1873ರಲ್ಲಿ ನಿಷೇಧ ತೆರವಾದಾಗ ಉಳಿದವರು ಊರಿಗೆ ಮರಳಿದರು.

ಬಲಿಪೀಠದ ಪಾತ್ರೆ

ಈವರೆಗೆ ನಾವು ಕಂಡದ್ದು ಎರಡು ಬಗೆ. ಬಟ್ಟಲಿನಲ್ಲಿ ಮಾಡಿದವರ ಪ್ರೀತಿ ಸಾನ್ನಿಧ್ಯವನ್ನು ತಂದಿತು. ಮೂರ್ತಿಯಲ್ಲಿ ನೋಡಿದವರ ಪ್ರೀತಿ ತಂದಿತು. ಆದರೆ ಎರಡೂ ಮನುಷ್ಯರನ್ನೇ ನೆಚ್ಚಿಕೊಂಡಿವೆ. ರಾಕು ಬಟ್ಟಲಿನ ಕತೆ ಗೊತ್ತಿಲ್ಲದವನಿಗೆ ಅದು ಕಪ್ಪಗಿನ ಒರಟು ಬಟ್ಟಲು. ವಶಪಡಿಸಿಕೊಂಡ ಅಧಿಕಾರಿಗೆ ಮರಿಯ ಕಾನೊನ್ ಒಂದು ಸಾಕ್ಷ್ಯದ ವಸ್ತು. ನೆನಪು ಮಾಸಿದರೆ ಈ ಸಾನ್ನಿಧ್ಯವೂ ಮಾಸುತ್ತದೆ.

ನಮ್ಮ ಬಲಿಪೀಠದ ಮೇಲಿನ ವಿಷಯ ಹೀಗಲ್ಲ. ಪರಮಪ್ರಸಾದದಲ್ಲಿ ಯೇಸುಸ್ವಾಮಿಯ ಸಾನ್ನಿಧ್ಯ ನಮ್ಮ ಭಾವವನ್ನು ನೆಚ್ಚಿಕೊಂಡದ್ದಲ್ಲ. ನಾನು ನಿದ್ದೆಗಣ್ಣಿನಲ್ಲಿ ಪೂಜೆಗೆ ಬಂದಿರಬಹುದು. ಮನಸ್ಸು ಮನೆಯ ಸಾಲದ ಮೇಲೆ ಇರಬಹುದು. ಹೃದಯ ಬರಡಾಗಿರಬಹುದು. ಆದರೂ ಸ್ವಾಮಿ ಅಲ್ಲಿ ನಿಜವಾಗಿ ಇದ್ದಾರೆ. ಏಕೆಂದರೆ ಅದು ಅವರ ಮಾತು, ಅವರ ಕೊಡುಗೆ. ದುಃಖದಲ್ಲಿ ಏನೂ ಅನ್ನಿಸದೆ ದೇವಾಲಯದಲ್ಲಿ ಕುಳಿತು, ದೇವರು ನನ್ನನ್ನು ಬಿಟ್ಟಿದ್ದಾನೆಂದು ತಿಳಿದು ಕಂಗೆಟ್ಟವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅನ್ನಿಸುವುದು ಬೇರೆ, ಇರುವುದು ಬೇರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಬಲಿಪೂಜೆಯ ಪಾತ್ರೆಗಳನ್ನು ಗಾಜು, ಜೇಡಿಮಣ್ಣು ಮುಂತಾಗಿ ಸುಲಭವಾಗಿ ಒಡೆಯುವ ವಸ್ತುಗಳಿಂದ ಮಾಡಬಾರದೆಂದು ವ್ಯಾಟಿಕನ್ನಿನ 2004ರ ಸೂಚನಾಪತ್ರ 'ರೆದೆಂಪ್ಸಿಯೋನಿಸ್ ಸಾಕ್ರಮೆಂತುಮ್' ವಿಧಿಸಿದೆ. ಗುರುಗಳ ಕೈಯ ಪಾನಪಾತ್ರೆ ಲೋಹದ್ದಾಗಿರುವುದನ್ನು ನೀವು ನೋಡಿದ್ದೀರಿ. ಅಷ್ಟು ಅಮೂಲ್ಯವಾದುದನ್ನು ಹೊರುವ ಪಾತ್ರೆ ಒಡೆಯಬಾರದು ಎಂಬ ಎಚ್ಚರ ಅದು. ಹಾಗಾದರೆ ಬಲಿಪೂಜೆಯಲ್ಲಿ ಮಣ್ಣಿನ ಪಾತ್ರೆಗೆ ಸ್ಥಾನವೇ ಇಲ್ಲವೇ? ಇದೆ. ಸಾಲಿನಲ್ಲಿ ನಿಂತು, ಕೈಚಾಚಿ ಅಥವಾ ನಾಲಿಗೆ ಚಾಚಿ ಆ ರೊಟ್ಟಿಯನ್ನು ಸ್ವೀಕರಿಸುತ್ತೇವಲ್ಲ, ನಾವೇ ಆ ಮಣ್ಣಿನ ಪಾತ್ರೆಗಳು. ಆದಿಕಾಂಡದಲ್ಲಿ ದೇವರು ಮಣ್ಣನ್ನು ಕೈಯಲ್ಲಿ ಹಿಡಿದು ಉಸಿರೂದಿದ್ದು ನಮ್ಮನ್ನು. ಪ್ರವಾದಿ ಯೆರೆಮೀಯನು ಕುಂಬಾರನ ಮನೆಯಲ್ಲಿ ನಿಂತು ನೋಡಿದ್ದು ನಮ್ಮ ಕತೆಯನ್ನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಸಂತ ಪೌಲರು ನಿಕ್ಷೇಪವನ್ನು ಹೊತ್ತ ಮಣ್ಣಿನ ಪಾತ್ರೆಗಳೆಂದು ಹೇಳಿದ್ದು ನಮ್ಮಂಥವರನ್ನೇ. ಒಡೆಯುವ ಪಾತ್ರೆಗಳಲ್ಲಿ ತಮ್ಮನ್ನು ಇರಿಸಲು ಸ್ವಾಮಿ ಹೆದರಲಿಲ್ಲ.

ಆದ್ದರಿಂದ ಮಣ್ಣಿನಲ್ಲಿ ಸಾನ್ನಿಧ್ಯ ಇದೆಯೇ ಎಂದು ಕೇಳುವವರು ಭರಣಿಯನ್ನು ನೋಡಿ ನಿಲ್ಲಬಾರದು. ನನ್ನಲ್ಲಿ ಇದೆಯೇ ಎಂದು ಕೇಳಿಕೊಳ್ಳಬೇಕು. ಇನ್ನೊಬ್ಬರಿಗಾಗಿ ನನ್ನೊಳಗೆ ಜಾಗ ಇದೆಯೇ? ಅಥವಾ ಹಿದೆಯೋಶಿಯ ಕೋಣೆಯಂತೆ ನನ್ನ ಗೋಡೆಗಳಲ್ಲಿ ನನ್ನದೇ ಮುಖ ಹೊಳೆಯುತ್ತಿದೆಯೇ?

ಮತ್ತೆ ಅಮ್ಮನ ಅಡಿಗೆಮನೆಗೆ

ಈಗ ಆ ಅಣ್ಣ ತಂಗಿಯರ ಬಳಿಗೆ ಬರೋಣ. ಇಬ್ಬರೂ ನಿಜ ಹೇಳಿದರು, ಇಬ್ಬರೂ ಅರ್ಧ ಹೇಳಿದರು. ಅಮ್ಮ ಭರಣಿಯಲ್ಲಿಲ್ಲ ಎಂಬ ಅಣ್ಣನ ಮಾತು ಸರಿ. ಸಂತರ ಅನ್ಯೋನ್ಯತೆಯನ್ನು ನಂಬುವ ನಾವು ಅಮ್ಮನನ್ನು ದೇವರ ಕೈಯಲ್ಲಿ ಹುಡುಕುತ್ತೇವೆ. ಆದರೆ ಆ ಭರಣಿ ಬರೀ ಮಣ್ಣು ಎಂಬುದು ಸರಿಯಲ್ಲ. ಹುಳಿ ಉಪ್ಪು ತಗುಲಿದರೆ ಲೋಹ ಕಿಲುಬು ಹಿಡಿಯುತ್ತದೆಂದು ಅಮ್ಮ ಪಿಂಗಾಣಿಯನ್ನೇ ಹುಡುಕಿ ತಂದಿದ್ದಳು. ಒದ್ದೆ ಕೈ ತಗಲದಂತೆ ಕಾದಿದ್ದಳು. ಮಳೆಗಾಲದಲ್ಲಿ ಮಕ್ಕಳ ಗಂಜಿಗೆ ನಂಚಿಕೊಳ್ಳಲು ಏನಾದರೂ ಇರಲಿ ಎಂಬ ಚಿಂತೆ ಅದರ ಒಡಲಿನಲ್ಲಿ ಮೂವತ್ತು ವರ್ಷ ಇತ್ತು. ಆ ಚಿಂತೆಗೆ ಪ್ರೀತಿ ಎಂದು ಹೆಸರು. ಪ್ರೀತಿಯ ಕೈ ಬಹಳ ಕಾಲ ಹಿಡಿದ ವಸ್ತುವನ್ನು ನಾವು ಮೆಲ್ಲಗೆ ಕೆಳಗಿಡುತ್ತೇವೆ, ಎಸೆಯುವುದಿಲ್ಲ.

ತಂಗಿಗೂ ಒಂದು ಮಾತು ಉಳಿದಿದೆ. ಆ ಭರಣಿಯನ್ನು ಮನೆಗೊಯ್ದು ಬೀರುವಿನ ಗಾಜಿನ ಹಿಂದೆ ನಿಲ್ಲಿಸಿದರೆ, ಇವತ್ತಿನ ಮಾತಿನಿಂದ ಮುನಿಸು ಬೆಳೆದು ಅಣ್ಣನ ಮನೆಯ ದಾರಿ ಮರೆತರೆ, ಆಗ ಅದು ನಿಜವಾಗಿಯೂ ಬರೀ ಮಣ್ಣೇ. ಭರಣಿ ಉಳಿದು ಅಣ್ಣ ಕಳೆದುಹೋದರೆ ಅಮ್ಮನ ಸಾನ್ನಿಧ್ಯ ಎಲ್ಲಿ ಉಳಿಯಿತು? ಆಸ್ತಿಯ ಪಾಲಿನಲ್ಲಿ, ಪಾತ್ರೆಯ ಪಾಲಿನಲ್ಲಿ ಮಾತು ಬಿಟ್ಟ ಒಡಹುಟ್ಟಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಇಲ್ಲ! ಒಂದೇ ಬಲಿಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ.

ಆ ತಂಗಿ ಹೀಗೆ ಮಾಡಬಹುದು. ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸಲಿ. ಬರುವ ಬೇಸಿಗೆಯಲ್ಲಿ ಅಮ್ಮ ಹಾಕುತ್ತಿದ್ದ ಹಾಗೆಯೇ ಮಾವಿನ ಮಿಡಿ ತಂದು ಉಪ್ಪಿನಲ್ಲಿ ಹಾಕಲಿ. ಬಾಯಿಗೆ ಬಟ್ಟೆ ಕಟ್ಟಲಿ. ಮಳೆ ಹಿಡಿದಾಗ ಒಂದು ಬಟ್ಟಲು ತುಂಬಿಸಿಕೊಂಡು ಅಣ್ಣನ ಮನೆಗೆ ಹೋಗಲಿ. ಅಣ್ಣ ಗಂಜಿಯ ತಟ್ಟೆಗೆ ಅದನ್ನು ಹಾಕಿಕೊಂಡು ಒಂದು ಚೂರು ಬಾಯಿಗಿಟ್ಟು ಸುಮ್ಮನಾದರೆ, ತಂಗಿ ಏನೂ ಕೇಳದಿರಲಿ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಪಾತ್ರೆ ಇರಬಹುದು. ಈ ವಾರ ಅದನ್ನು ಕೆಳಗಿಳಿಸಿ, ಧೂಳು ಒರೆಸಿ. ಅದನ್ನು ಬಳಸಿದ ಕೈಗಳಿಗಾಗಿ ಕುಟುಂಬದವರೆಲ್ಲ ಸೇರಿ ಒಂದು ಜಪಸರ ಹೇಳಿ. ಆಮೇಲೆ ಅದರಲ್ಲಿ ಏನನ್ನಾದರೂ ತುಂಬಿಸಿ, ನಿಮ್ಮೊಡನೆ ಮಾತು ಬಿಟ್ಟವರ ಮನೆಗೆ ಕೊಂಡೊಯ್ಯಿರಿ.